ತಪ್ಪೇ ಮಾಡದ ಉತ್ತರಪಟ್ಟಿ

ಲೆಕ್ಕದಲ್ಲಿ ನಾನು ತಪ್ಪುತ್ತಲೇ ಇರಲಿಲ್ಲ. ಇದು ಜಂಬವಲ್ಲ. ಆ ವರ್ಷ ನಾನು ಲೆಕ್ಕ ಮಾಡುವುದನ್ನೇ ಬಿಟ್ಟಿದ್ದೆ, ತಪ್ಪುವುದಾದರೂ ಎಲ್ಲಿಂದ!

ಆಗ ನಾನು ಕಮಲಾಪುರದ ಒಂದು ಖಾಸಗಿ ಕಾಲೇಜಿನಲ್ಲಿ ಗಣಿತದ ತಾತ್ಕಾಲಿಕ ಉಪನ್ಯಾಸಕ. ದಿನಾ ಕಲಬುರಗಿಯಿಂದ ಬಸ್ಸು ಹಿಡಿದು ಹೋಗಿ ಬರುತ್ತಿದ್ದೆ. ಒಂದು ದಿನ ಪ್ರಾಚಾರ್ಯರು ಕರೆದು, "ಈ ಸಲ ಪೂರ್ವಸಿದ್ಧತಾ ಪರೀಕ್ಷಾ ಚಂದಾಗಿ ನಡಸ್ರಿ. ನಿಮ್ಮನ್ನ ಕಾಯಂ ಮಾಡಸ್ತೀನಿ" ಎಂದರು. ಕಾಯಂ! ಆ ಒಂದು ಪದಕ್ಕಾಗಿ ನಾನು ಎರಡು ವರ್ಷ ಬಸ್ಸಿನಲ್ಲಿ ನಿಂತೇ ಪ್ರಯಾಣ ಮಾಡಿದ್ದೆ.

ಮನೆಯಲ್ಲಿ ಹೊಸ ಕಂಪ್ಯೂಟರ್ ಇತ್ತು. ಅದರಲ್ಲಿ ಗಣಿತವನ್ನು ಅಂದವಾಗಿ ಅಚ್ಚು ಜೋಡಿಸುವ ತಂತ್ರಾಂಶವೊಂದು, ಬೀಜಗಣಿತ ಬಿಡಿಸುವ ತಂತ್ರಾಂಶವೊಂದು. ಎರಡಕ್ಕೂ ನಾನೇ ಮುಂದೆ ನಿಂತು ಮದುವೆ ಮಾಡಿಸಿದೆ. ಕಡತದಲ್ಲಿ ಅಂಕಿ ಬರಬೇಕಾದ ಕಡೆ ಒಂದು ಆಜ್ಞೆ ಬರೆದರೆ ಸಾಕು. ಯಂತ್ರ ತಾನೇ ಮನಸ್ಸಿಗೆ ಬಂದ ಅಂಕಿ ಆರಿಸಿ, ತಾನೇ ಲೆಕ್ಕ ಬಿಡಿಸಿ, ಉತ್ತರವನ್ನೂ ಜೋಡಿಸಿ ಕೊಡುತ್ತಿತ್ತು. ಯಾವ ಗೈಡಿನಲ್ಲೂ ಸಿಗದ ಇಪ್ಪತ್ತು ಲೆಕ್ಕಗಳು!

ಮೊದಲ ಸಲ ಪ್ರಶ್ನೆಗಳನ್ನಷ್ಟೇ ಅಚ್ಚು ಹಾಕಿದೆ. ಮರುದಿನ ಅದೇ ಕಡತದಿಂದ ಉತ್ತರಗಳನ್ನಷ್ಟೇ ತೆಗೆದೆ. ಸುವರ್ಣಾ, ಎಂದರೆ ನನ್ನ ಹೆಂಡತಿ, ಅಡುಗೆಮನೆಯಿಂದ ಇಣುಕಿದಳು.

"ಒಂದಾರ ಲೆಕ್ಕ ಕೈಲೆ ಮಾಡಿ ನೋಡಿರೇನ್ರಿ?"

"ಕೈಲೆ ಮಾಡಾಕ ಇದೇನು ರೊಟ್ಟಿಯೇನು?"

"ರೊಟ್ಟಿ ಆದ್ರೂ ನಾ ಒಂದು ತುಣುಕು ಬಾಯಾಗ ಹಾಕಿ ನೋಡೇ ನಿಮಗ ಬಡಸ್ತೀನ್ರಿ."

ಪಾಪ, ವಿಜ್ಞಾನ ಎಲ್ಲಿಗೆ ಬಂದಿದೆ ಎಂಬುದು ಇವಳಿಗೇನು ಗೊತ್ತು ಎಂದು ಮನಸ್ಸಿನಲ್ಲೇ ಮರುಗಿದೆ.

ಪರೀಕ್ಷೆ ಮುಗಿಯಿತು. ಉತ್ತರಪಟ್ಟಿ ಪಕ್ಕದಲ್ಲಿಟ್ಟುಕೊಂಡು ತಿದ್ದಲು ಕೂತೆ. ಮೊದಲ ಹುಡುಗನಿಗೆ ಸೊನ್ನೆ. ಎರಡನೆಯವನಿಗೂ ಸೊನ್ನೆ. ತರಗತಿಯ ಜಾಣೆ ಮಹಾದೇವಿಗೂ ಸೊನ್ನೆ! ಇನ್ನೂ ಆಶ್ಚರ್ಯವೆಂದರೆ, ಹೆಚ್ಚಿನವರು ಬರೆದ ತಪ್ಪು ಉತ್ತರಗಳು ಒಂದೇ ಆಗಿದ್ದವು. ನನಗೆ ತಕ್ಷಣ ಹೊಳೆಯಿತು. ಸಾಮೂಹಿಕ ನಕಲು! ಅಪರಾಧ ಪತ್ತೆಹಚ್ಚಿದ ಖುಷಿಯಲ್ಲಿ ಎರಡು ಕಪ್ ಚಹಾ ಕುಡಿದೆ.

ಮರುದಿನ ತರಗತಿಯಲ್ಲಿ ಉತ್ತರಪತ್ರಿಕೆಗಳನ್ನು ಹಂಚಿ ಗುಡುಗಿದೆ. "ಹದಿನೈದಕ್ಕಿಂತ ಕಡಿಮೆ ಬಂದವರು ಪಾಲಕರ ಸಹಿ ಮಾಡಿಸಿಕೊಂಡು ಬರಬೇಕು! ಸಹಿ ಇಲ್ಲದವರಿಗೆ ಒಳಗೆ ಪ್ರವೇಶವಿಲ್ಲ!" ಸಾಕ್ಷಿಗಿರಲಿ ಎಂದು ಪ್ರಾಚಾರ್ಯರನ್ನೂ ಕರೆತಂದಿದ್ದೆ.

ಮಹಾದೇವಿ ಎದ್ದು ನಿಂತಳು. ಅಳುತ್ತಿರಲಿಲ್ಲ. ಅದೇ ನನಗೆ ಭಯ ಹುಟ್ಟಿಸಿತು.

"ಸರ್, ಮೊದಲ್ನೇ ಲೆಕ್ಕ ಎಕ್ಸ್ ವರ್ಗ, ಕಳೆ ಏಳು ಎಕ್ಸ್, ಕೂಡು ಹನ್ನೆರಡು. ನಂದು ಮೂರು, ನಾಕು ಬಂದಾವ್ರಿ. ನಿಮ್ದು ಎಷ್ಟ ಅದಾವ್ರಿ?"

"ಎರಡು, ಐದು," ಎಂದೆ ಗಂಭೀರವಾಗಿ.

"ಐದು ಹಾಕಿ ನೋಡ್ರಿ ಸರ್. ಇಪ್ಪತ್ತೈದರಾಗ ಮೂವತ್ತೈದು ಕಳೀರಿ, ಹನ್ನೆರಡು ಕೂಡಸ್ರಿ. ಎರಡು ಉಳೀತದ. ಸೊನ್ನಿ ಬರಬೇಕಲ್ರಿ?"

ಬರಬೇಕು. ನಿಜ. ಬರಲಿಲ್ಲ.

ಬೋರ್ಡಿನ ಮುಂದೆ ನಿಂತಾಗ ಎಲ್ಲ ಅರ್ಥವಾಯಿತು. ಕಡತವನ್ನು ಓಡಿಸಿದಾಗಲೆಲ್ಲ ಯಂತ್ರ ಹೊಸ ಅಂಕಿಗಳನ್ನು ಆರಿಸುತ್ತದೆ. ಪ್ರಶ್ನೆ ತೆಗೆದ ದಿನದ ಅಂಕಿ ಬೇರೆ, ಉತ್ತರ ತೆಗೆದ ದಿನದ ಅಂಕಿ ಬೇರೆ! ನನ್ನ ಉತ್ತರಪಟ್ಟಿಯಲ್ಲಿ ಒಂದೂ ತಪ್ಪಿರಲಿಲ್ಲ. ಆದರೆ ಅದು ಈ ಭೂಮಿಯ ಮೇಲೆ ಯಾರೂ ಬರೆಯದ ಪರೀಕ್ಷೆಯ ಉತ್ತರಪಟ್ಟಿ. ಮಕ್ಕಳ ಉತ್ತರಗಳು ಒಂದೇ ಆಗಿದ್ದದ್ದು ಅವು ಸರಿಯಾಗಿದ್ದುದರಿಂದ. ನಾಚಿಕೆಯಿಂದ ಬೆವರಿ ಅಂಗಿ ಬೆನ್ನಿಗೆ ಅಂಟಿತು. ಬೆವರಿನ ತಪ್ಪನ್ನು ಬಿಸಿಲಿನ ಮೇಲೆ ಹಾಕೋಣವೆಂದರೆ ಅವತ್ತೇ ಮೋಡ ಮುಸುಕಿತ್ತು!

"ಈಗ ಬರೋಬ್ಬರಿ ಉತ್ತರ ಎಲ್ಲಿ ಅದಾವ್ರಿ?" ಪ್ರಾಚಾರ್ಯರು ಕೇಳಿದರು.

"ಕಂಪ್ಯೂಟರ್ ಮನ್ಯಾಗದ ಸರ್."

"ತಲಿ ಇಲ್ಲೇ ಅದ ಅಲಾ? ಹಿಂದಿನ ಬೆಂಚಿಗಿ ಕೂಡ್ರಿ. ಕೈಲೆ ಬಿಡಸ್ರಿ. ಮಹಾದೇವಿ ತಪಾಸ ಮಾಡ್ತಾಳ."

ಕೂತೆ. ಮೊಣಕಾಲು ಬೆಂಚಿನಡಿ ಹಿಡಿಸಲಿಲ್ಲ. ಕೈಯಿಂದ ಲೆಕ್ಕ ಮಾಡಿ ಎಷ್ಟು ದಿನವಾಗಿತ್ತೋ, ಕೂಡುವಲ್ಲಿ ಕಳೆದೆ, ಕಳೆಯುವಲ್ಲಿ ಭಾಗಿಸಿದೆ. ಕಮಲಾಪುರದ ಅಷ್ಟೂ ಮಕ್ಕಳು ತಿರುಗಿ ಕೂತು ನನ್ನ ಮೇಲ್ವಿಚಾರಣೆ ಮಾಡಿದರು. ಮಹಾದೇವಿ ಕೆಂಪು ಪೆನ್ನಿನಲ್ಲಿ ತಿದ್ದಿ, ಬಹಳ ಮರ್ಯಾದೆಯಿಂದ ಎರಡೂ ಕೈಯಲ್ಲಿ ಕೊಟ್ಟಳು.

ಇಪ್ಪತ್ತಕ್ಕೆ ಹದಿನಾಲ್ಕು.

"ಅಕಿಗಿ ಹತ್ತೊಂಬತ್ತು ಬಂದಾವ," ಎಂದರು ಅಷ್ಟರಲ್ಲಿ ಅವಳ ಪತ್ರಿಕೆಯನ್ನು ತಾವೇ ತಾಳೆ ನೋಡಿದ್ದ ಪ್ರಾಚಾರ್ಯರು, ಉಕ್ಕಿಬಂದ ನಗುವನ್ನು ಕೆಮ್ಮಿನಲ್ಲಿ ಮುಚ್ಚುತ್ತ. "ಕಾಯಂ ಮಾತು ಮುಂದಿನ ವರ್ಷ ನೋಡೋಣು. ಆದ್ರ ಹದಿನೈದರ ಕೆಳಗ ಬಂದವ್ರಿಗಿ ನೀವ ಒಂದು ನಿಯಮ ಮಾಡೀರಿ, ನೆನಪದ ಅಲಾ?"

ಸಂಜೆ ಮನೆಯಲ್ಲಿ ಉತ್ತರಪತ್ರಿಕೆಯನ್ನು ಮಡಚಿಯೇ ಸುವರ್ಣಾಳ ಮುಂದೆ ಹಿಡಿದೆ. ಅವಳು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, ಇಪ್ಪತ್ತೂ ಲೆಕ್ಕಗಳ ಮೇಲೆ ಕಣ್ಣಾಡಿಸಿ, ಕೆಳಗೆ ದುಂಡಗೆ ಬರೆದಳು: "ಹುಡುಗ ಶಾಣ್ಯಾ ಇದ್ದಾನ್ರಿ. ಆದ್ರ ಮನ್ಯಾಗ ಹೇಳಿದ್ದು ಕೇಳಂಗಿಲ್ಲ."

ಪಾಲಕರ ಸಹಿ ಎಂದಿದ್ದ ಕಡೆ ಸಹಿ ಹಾಕಿದಳು. ಮರುದಿನ ನನಗೆ ತರಗತಿಯೊಳಗೆ ಪ್ರವೇಶ ಸಿಕ್ಕಿದ್ದು ಅದನ್ನು ತೋರಿಸಿದ ಮೇಲೆಯೇ!