ಸೋದರಮಾವನ ಹೆಬ್ಬೆರಳು

ನಮ್ಮ ಸೋದರಮಾವನ ಬಾಯಿ ಬಲು ಸಭ್ಯ. ಗಜೇಂದ್ರಗಡದ ಅವರ ಸೀರೆ ಅಂಗಡಿಗೆ ಹೋಗಿ ನೋಡಿ. "ಬರ್ರಿ ಅಕ್ಕಾರ, ಕುಂದರ್ರಿ, ನೀರ ಕುಡೀರಿ" ಎಂದು ಎಷ್ಟು ಮೆತ್ತಗೆ ಮಾತನಾಡುತ್ತಾರೆಂದರೆ, ಸೀರೆ ಕೊಳ್ಳದೆ ಎದ್ದವರಿಗೇ ನಾಚಿಕೆಯಾಗುತ್ತದೆ. ಅವರ ಸಮಸ್ತ ದುಷ್ಟತನವೂ ಸೇರಿಕೊಂಡಿರುವುದು ಬಲಗೈ ಹೆಬ್ಬೆರಳಿನಲ್ಲಿ! ಮೊಬೈಲು ಕೈಗೆ ಬಂತೋ, ಮುಗಿಯಿತು. ಅಡುಗೆ, ರಾಜಕೀಯ, ಸಮಾಜ, ಯಾವುದರ ಬಗ್ಗೆ ಯಾರು ಏನೇ ಬರೆದಿರಲಿ, ಅದರ ಕೆಳಗೆ ಮಾವನ ಮೊದಲ ಪದ ಒಂದೇ: "ತಪ್ಪು."

ಇಂಥವರನ್ನು ನಮ್ಮ ಮನೆಮಂದಿಯ ಮೊಬೈಲ್ ಗುಂಪಿಗೆ ಸೇರಿಸಿದ್ದು ನನ್ನ ಅವ್ವ. ತಮ್ಮನಲ್ಲವೇ! ಹೊರಗೆ ಹಾಕುವ ಅಧಿಕಾರ ಮಾತ್ರ ನನ್ನ ಕೈಯಲ್ಲಿದೆ. ಈಚೆಗೆ ಒಂದು ಬೆಳಿಗ್ಗೆ ಅದನ್ನು ಮಾವನ ಎದುರಿಗೇ ಚಲಾಯಿಸಿ ತೀರುತ್ತೇನೆಂದು ರೋಣದ ನಮ್ಮ ಮನೆಯಿಂದ ಸಿಟ್ಟಿನಲ್ಲಿ ಹೊರಟೆ. ಕಾಯಿಲೆ ಬಿದ್ದ ಅಪ್ಪನ ನೆಮ್ಮದಿಯ ಪ್ರಶ್ನೆಯಾಗಿತ್ತು. ಆದರೆ ಅದಕ್ಕೆ ಮೊದಲು ಈ ಮನುಷ್ಯ ಎಂಥವರೆಂದು ನಿಮಗೆ ಗೊತ್ತಾಗಬೇಕು.

ಯಾರೋ ಒಬ್ಬ ಹೆಣ್ಣುಮಗಳು ಬದನೆಕಾಯಿ ಎಣ್ಣೆಗಾಯಿ ಮಾಡುವ ವಿಡಿಯೊ ಹಾಕಿದ್ದಳು. ಪಾಪ, ಒಂದು ಟೊಮೆಟೊ ಹೆಚ್ಚಿ ಹಾಕಿದಳು. ಅಷ್ಟಕ್ಕೇ ಮಾವ ಬರೆದರು: "ತಪ್ಪು. ಟೊಮೆಟೊ ಬಿದ್ರ ಅದು ಎಣ್ಣಿಗಾಯಿ ಅಲ್ಲ, ಬದನಿಕಾಯಿಗೆ ಮಾಡಿದ ಅವಮಾನ." ಒಲೆ ಹಚ್ಚಲೂ ಬಾರದವರಿಗೆ ಈ ಅಧಿಕಾರ ಕೊಟ್ಟವರಾರು? ಆಕೆ ಸುಮ್ಮನಿದ್ದಳು. ಆದರೆ ಹತ್ತಿರದ ಮುಶಿಗೇರಿ ಊರಿನ ಒಬ್ಬರು ಆಕೆಯ ಪರವಾಗಿ ನಿಂತು, "ನಮ್ಮ ಮನ್ಯಾಗೂ ಹಾಕ್ತೀವಿ, ಏನೀಗ?" ಎಂದು ಕೇಳಿಬಿಟ್ಟರು.

ನಮ್ಮ ಕಡೆ ಎದುರಾಬದುರು ಜಗಳವಾಡಿದವರು ಒಂದು ಕಪ್ ಚಹಾ ಕುಡಿದೇ ಏಳಬೇಕು. ಇಲ್ಲದಿದ್ದರೆ ಜಗಳ ಮುಗಿದಂತಲ್ಲ. ಈ ಪದ್ಧತಿ ಮೊಬೈಲಿನ ಜಗಳಕ್ಕೂ ಅನ್ವಯಿಸುತ್ತದೆಂದು ನಂಬಿರುವ ಮನುಷ್ಯ ಭೂಮಿಯ ಮೇಲೆ ನಮ್ಮ ಮಾವ ಒಬ್ಬರೇ! ಕುಪ್ಪಸದ ಬಟ್ಟೆಗೆಂದು ಅಂಗಡಿಗೆ ಹೋಗಿದ್ದ ನನ್ನನ್ನು ಹಿಡಿದರು. "ಗಾಡಿ ತಗಿಯವಾ, ಮುಶಿಗೇರಿಗೆ ಹೋಗಿ ಚಹಾ ಕುಡದ ಬರೂಣು."

ಸುಡು ಬಿಸಿಲಲ್ಲಿ ಹೋದೆವು. ದಾರಿಯುದ್ದಕ್ಕೂ ಹಿಂದೆ ಕುಳಿತು ನನ್ನ ಕಿವಿಯಲ್ಲಿ ಎಣ್ಣೆಗಾಯಿಯ ಶಾಸ್ತ್ರ ಹೇಳಿದರು. ಆ ಮುಶಿಗೇರಿಯವರೋ, ಜಗಳವಾಡುವುದು ಬಿಟ್ಟು, "ಮೊದ್ಲ ಉಣ್ಣ ಬರ್ರಿ" ಎಂದು ಸಜ್ಜೆ ರೊಟ್ಟಿಯ ಜೊತೆ ಅದೇ ಟೊಮೆಟೊ ಎಣ್ಣೆಗಾಯಿ ಬಡಿಸಿದರು. ಮಾವ ಒಮ್ಮೆ ಹಾಕಿಸಿಕೊಂಡರು. ಮತ್ತೊಮ್ಮೆ ಹಾಕಿಸಿಕೊಂಡರು. ತಟ್ಟೆ ಒರೆಸಿ ತಿಂದು, ಚಹಾ ಕುಡಿದು, ಮನೆಗೆ ಬಂದು ಬರೆದರು: "ತಪ್ಪು ತಪ್ಪೇ. ರುಚಿ ಬ್ಯಾರೆ ವಿಷಯ."

ರಾಜಕೀಯದ್ದಂತೂ ಕೇಳಲೇಬೇಡಿ. ಇವರು ಯಾವ ಪಕ್ಷದವರೆಂದು ಅತ್ತೆಗೂ ಗೊತ್ತಿಲ್ಲ. ಎದುರಿನವರು ಯಾವ ಪಕ್ಷವೋ ಇವರು ಅದರ ವಿರುದ್ಧ. ವಾದ ಮಾಡಿ ಸುಸ್ತಾಗಿ ಅವರೇನಾದರೂ "ಆಯ್ತು, ನೀವು ಹೇಳಿದ್ದೇ ಸರಿ" ಎಂದರೋ, ಮಾವನಿಗೆ ಸಂಕಟವಾಗಿ ಆ ಕ್ಷಣವೇ ಪಕ್ಷ ಬದಲಿಸುತ್ತಾರೆ! ಅವರ ಅಂಗಡಿಯ ಪಟ್ಟೆದಂಚಿನ ಸೀರೆಯನ್ನು ಒಳಗು ಹೊರಗು ಎನ್ನದೆ ಹೇಗೆ ಬೇಕಾದರೂ ಉಡಬಹುದು. ಮಾವನ ಅಭಿಪ್ರಾಯವೂ ಅದೇ ಮಗ್ಗದಲ್ಲಿ ನೇಯ್ದದ್ದಿರಬೇಕು.

ಈ ಹೆಬ್ಬೆರಳಿಗೆ ಸರಿಜೋಡಿಯಾಗಿದ್ದವರು ನನ್ನ ಅಪ್ಪ. ನಿವೃತ್ತ ಮಾಸ್ತರರು. ಅಕ್ಕನ ಗಂಡನೆಂದು ಮಾವ ಅವರನ್ನು "ಮಾಮಾ" ಎನ್ನುತ್ತಾರೆ. ಬೆಳಿಗ್ಗೆ ಅಪ್ಪ ಏನಾದರೂ ಬರೆಯುವುದು, ಮಾವ "ತಪ್ಪು" ಎನ್ನುವುದು, ಅಪ್ಪ "ಮೂರ್ಖ" ಎನ್ನುವುದು, ಭಾನುವಾರ ಮಾವ ರೋಣಕ್ಕೆ ಬಂದು ಚಹಾ ಕುಡಿದು ವಾರದ ಜಗಳ ಮುಗಿಸುವುದು. ಹೀಗೆ ನಡೆದಿತ್ತು.

ಹೋದ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ನಿಂತಿತು. ಮಾವ ದವಾಖಾನೆಗೆ ಒಮ್ಮೆ ಬಂದು, ಮಲಗಿದ್ದ ಅಪ್ಪನನ್ನು ನೋಡಿ, ಒಂದು ಮಾತೂ ಆಡದೆ ಎದ್ದು ಹೋದರು. ಆಮೇಲೆ ಮನೆಯ ಕಡೆ ತಲೆ ಹಾಕಲಿಲ್ಲ, ಗುಂಪಿನಲ್ಲೂ ಏನೂ ಬರೆಯಲಿಲ್ಲ. ಇದೆಂಥ ಮನುಷ್ಯತ್ವ ಹೇಳಿ! ನನಗೆ ಮೈಯೆಲ್ಲ ಉರಿದಿತ್ತು.

ಅಪ್ಪನ ಮನಸ್ಸಿಗೆ ನೋವಾಗಬಾರದೆಂದು ಡಾಕ್ಟರು ಹೇಳಿದ್ದರು. ಎಡಗೈಯಲ್ಲಿ ಕಷ್ಟಪಟ್ಟು ಅವರು ಗುಂಪಿನಲ್ಲಿ ಒಂದೆರಡು ಪದ ಒತ್ತತೊಡಗಿದಾಗ ನಾವೆಲ್ಲ "ಹೌದು", "ಖರೇ" ಎಂದು ಕೈಮುಗಿಯುವ ಚಿತ್ರಗಳನ್ನು ಸುರಿಸಿದೆವು. ದಿನ ಕಳೆದಂತೆ ಅಪ್ಪ ಬರೆಯುವುದೇ ಕಡಿಮೆಯಾಯಿತು. ಆ ಬೆಳಿಗ್ಗೆ ಬಹಳ ದಿನದ ಮೇಲೆ "ಉಪ್ಪಿಟ್ಟು ಚಲೋ" ಎಂದು ಬರೆದರು. ಎಲ್ಲರೂ ಕೈಮುಗಿದೆವು. ಅಷ್ಟರಲ್ಲಿ ಬಂತು ನೋಡಿ ಆ ಹೆಬ್ಬೆರಳು!

"ತಪ್ಪು. ಉಪ್ಪಿಟ್ಟು ನಾಷ್ಟಾ ಅಲ್ಲ, ಶಿಕ್ಷಾ. ಹಾಸಿಗಿ ಹಿಡದ ಮಾತ್ರಕ್ಕ ತಪ್ಪು ಸರಿ ಆಗೂದಿಲ್ರಿ ಮಾಮಾ."

ಗಾಡಿ ಹತ್ತಿದವಳು ಗಜೇಂದ್ರಗಡದಲ್ಲೇ ಇಳಿದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರೂ ಬಿಡಲಿಲ್ಲ. "ನಿಮಗ ಕರುಣಾ ಅನ್ನೂದು ಐತೇನ್ರಿ? ಈಗ ನಿಮ್ಮನ್ನ ಗುಂಪಿನಿಂದ ತಗದ ಹಾಕ್ತೀನಿ!" ಎಂದೆ.

ಮಾವ ತಲೆ ಎತ್ತಲಿಲ್ಲ. ಮೊಬೈಲನ್ನೇ ನೋಡುತ್ತಿದ್ದರು. "ತಡಿಯವಾ. ಬರ್ಯಾಕತ್ತಾರ."

ನೋಡಿದೆ. ಅಪ್ಪನ ಹೆಸರು, ಅದರ ಮುಂದೆ "ಟೈಪಿಂಗ್" ಎಂಬ ಪದ. ಅಳಿಯುತ್ತಿತ್ತು, ಮತ್ತೆ ಮೂಡುತ್ತಿತ್ತು.

"ನಾ ಮನಿ ಬಿಟ್ಟಾಗಿಂದ ಬರ್ಯಾಕತ್ತಾರೇನ್ರಿ?"

"ಹೂಂ. ನೀವೆಲ್ಲಾ ಕೈ ಮುಗ್ಯಾಕತ್ತೀರಿ. ಹಂಗ ಕೈ ಮುಗ್ಯೂದು ಯಾರಿಗೆ? ಗ್ವಾಡಿ ಮ್ಯಾಲ ಹಾರ ಹಾಕಿದ ಫೋಟೋಕ್ಕ. ನಿಮ್ಮಪ್ಪ ಇನ್ನೂ ಅದಾರವಾ!" ಮಾವ ಈಗ ತಲೆ ಎತ್ತಿದರು. "ಜಗಳಾ ಇಲ್ದ ನಾ ಯಾವ ಮಾರಿ ಹೊತ್ತು ಬರ್ಲಿ ನಿಮ್ಮ ಮನಿಗೆ? ಸುಮ್ನ ನೋಡಿ ಬರಾಕ ನನಗ ಆಗೂದಿಲ್ಲ."

ಮೊಬೈಲು ಸದ್ದು ಮಾಡಿತು. "ಮೂರ್ಖ. ನಿನ್ನ ಅವಲಕ್ಕಿಗಿಂತ ಚಲೋ. ಬಾ, ತಿನ್ನಸ್ತೀನಿ."

ಕಾಯಿಲೆ ಬಿದ್ದ ಮೇಲೆ ಅಪ್ಪ ಬರೆದ ಮೊದಲ ಪೂರಾ ಮಾತು ಅದು. ಮಾವ ಗಿರಾಕಿಗಳನ್ನು ಅರ್ಧಕ್ಕೇ ಎಬ್ಬಿಸಿ ಕದ ಹಾಕಿದರು. "ಗಾಡಿ ತಗಿಯವಾ. ಚಹಾ ಕುಡದ ಬರೂಣು."

ರೋಣ ಮುಟ್ಟುತ್ತಲೇ ಮಾವ ಸೀದಾ ಅಪ್ಪನ ಹತ್ತಿರ ಹೋದರು. ಅವ್ವ ಇಬ್ಬರಿಗೂ ಉಪ್ಪಿಟ್ಟು ಹಾಕಿಕೊಟ್ಟಳು. ಮಾವ ಮಂಚದ ಅಂಚಿಗೆ ಕುಳಿತು ಒಂದು ತುತ್ತು ನುಂಗಿ, ಅಪ್ಪನ ಮುಖ ನೋಡಿ "ತಪ್ಪು" ಎಂದರು. ಅಪ್ಪ ಎಡಗೈಯಿಂದ ತಮ್ಮ ತಟ್ಟೆಯನ್ನೂ ಅವರ ಕಡೆಗೆ ಸರಿಸಿದರು. ಮಾವ ಅಳುತ್ತಲೇ ಎರಡನ್ನೂ ತಿಂದರು.