ಶೇಷ ರದ್ದು ಮಾಡಲು ಹೋಗಿ

ಮಾಸ್ಕನ್ನು ಮೂಗು ಬಾಯಿ ಬಿಟ್ಟು ಗದ್ದಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದರಲ್ಲ, ಅದಕ್ಕೆ ನಿಮ್ಮೂರಲ್ಲಿ ಏನನ್ನುತ್ತಿದ್ದಿರಿ? ಹೆಸರೇ ಇರಲಿಲ್ಲವೇ? ಪಾಪ, ಎಂಥ ಬಡ ಊರು ನಿಮ್ಮದು. ಗಡಿಯಾಚೆ, ಮಹಾರಾಷ್ಟ್ರದ ಸಂಖದ ಹತ್ತಿರದ ನಮ್ಮ ಊರಲ್ಲಿ ಅದಕ್ಕೆ ‘ಗದ್ದದ ಲಂಗೋಟಿ’ ಎನ್ನುತ್ತಿದ್ದೆವು. ಹೆಸರಿಟ್ಟವಳು ಬಾಳವ್ವ.

ಬಾಳವ್ವ ನನ್ನ ಗೆಳತಿ. ಇಬ್ಬರಿಗೂ ಅಸಂಗಿಯೇ ತವರು, ಇಬ್ಬರನ್ನೂ ಕೊಟ್ಟದ್ದು ಒಂದೇ ಓಣಿಗೆ. ಲಾಕ್‌ಡೌನಿನಲ್ಲಿ ಎದುರುಬದುರು ಕಟ್ಟೆಯ ಮೇಲೆ ಕುಳಿತು ಕುರಿಯ ಉಣ್ಣೆ ನೂಲುತ್ತ ಮಾತು ಹುಟ್ಟಿಸುವುದೇ ನಮ್ಮ ಕಸುಬಾಯಿತು. ಮದುವೆಯೂಟದಲ್ಲಿ ಎಲೆಗೊಂದು, ಸೆರಗಿಗೊಂದು ಹೋಳಿಗೆ ಹಾಕಿಕೊಳ್ಳುವವಳು ‘ಕೈಯಾಗೊಂದು’. ಕೂಡಿಸುವ ಲೆಕ್ಕದಲ್ಲಿ ಕೈಯಲ್ಲಿ ಒಂದು ಇಟ್ಟುಕೊಳ್ಳುತ್ತೇವಲ್ಲ, ಹಾಗೆ. ಓಟಿನ ಹೊತ್ತಿಗೆ ಬಂದು, ಕುಳಿತು ಉಪಚಾರ ಮಾಡಿಸಿಕೊಂಡು ಹೋಗುವವನು ‘ಐದು ವರ್ಷದ ಅಳಿಯ’. ಗುಡಿ ಮುಚ್ಚಿದಾಗ ಆರತಿಯನ್ನು ಮೊಬೈಲಿನಲ್ಲಿ ತೋರಿಸಿದರು. ಮಾಳಿಗೆ ಹತ್ತಿದರಷ್ಟೇ ನೆಟ್‌ವರ್ಕ್ ಸಿಕ್ಕಿ ಕಾಣುತ್ತಿತ್ತು. ಆ ದೇವರು ‘ಮಾಳಿಗಿ ದೇವ್ರು’.

ಕರೋನಾ ಬಂದೂ ಬದುಕಿದವರಿಗೆ ಒಂದು ಹೆಸರು ಬೇಕಾಯಿತು. ನಾನು ಇಟ್ಟೆ: ‘ಶೇಷ’. ದೇವರು ಭಾಗಾಕಾರ ಮಾಡಿದ ಮೇಲೆ ಉಳಿದದ್ದು. ಬಾಳವ್ವನ ಗಂಡ ರೇವಪ್ಪ ಎಲ್ಲರಿಗಿಂತ ಮೊದಲು ನಕ್ಕ. ಓಣಿಯ ಮಕ್ಕಳಿಗೆ ಆ ಮಾತು ಕಲಿಸಿದವಳೂ ನಾನೇ.

ಆಮೇಲೆ ಗಂಡ ಹೆಂಡತಿ ಇಬ್ಬರಿಗೂ ಜ್ವರ ಬಂತು. ಒಂದೇ ಅಂಬುಲೆನ್ಸಿನಲ್ಲಿ ಹೋದರು. ಬಾಳವ್ವ ಒಬ್ಬಳೇ ಬಂದಳು. ಅವಳು ಇಳಿಯುವಾಗ ಮಕ್ಕಳು, ಪಾಪ, ಖುಷಿಯಿಂದಲೇ ಕೂಗಿದವು: "ಶೇಷ ಬಂದ್ಲು, ಶೇಷ ಬಂದ್ಲು."

ಅವಳು ನನ್ನ ಕಡೆ ಒಮ್ಮೆ ನೋಡಿ ಬಾಗಿಲು ಹಾಕಿಕೊಂಡಳು.

ನಾಲ್ಕು ವರ್ಷ. ಒಂದೇ ನಲ್ಲಿ, ಎರಡು ಕೊಡ, ಮಾತಿಲ್ಲ.

ಮೊನ್ನೆ ಮೊಮ್ಮಗಳು ಕಾವೇರಿ ನನಗೆ ಮೊಬೈಲಿನಲ್ಲಿ ಟೈಪ್ ಮಾಡಲು ಕಲಿಸಿದಳು. ಧೈರ್ಯ ಬಂತು. ನೋಟೇ ರದ್ದಾಗುವ ದೇಶದಲ್ಲಿ, ನಾನು ಹುಟ್ಟಿಸಿದ ಒಂದು ಮಾತನ್ನು ನಾನು ರದ್ದು ಮಾಡಲಾರೆನೇ? ಅಷ್ಟು ಮಾಡಿದರೆ ಬಾಳವ್ವ ಮಾತಾಡಿಯಾಳು. ಮಧ್ಯಾಹ್ನವೆಲ್ಲ ಒಂದೇ ಬೆರಳಿನಿಂದ ಕುಟ್ಟಿ ಬಚತ ಗಟದ, ಅಂದರೆ ಉಳಿತಾಯ ಸಂಘದ, ಹೆಂಗಸರ ವಾಟ್ಸಾಪ್ ಗುಂಪಿಗೆ ಹಾಕಿದೆ: "ಸಮಸ್ತರಿಗೂ ತಿಳಿಸುವುದೇನೆಂದರೆ, ಶೇಷ ಎಂಬ ಮಾತನ್ನು ಇಂದಿನಿಂದ ರದ್ದು ಮಾಡಲಾಗಿದೆ. ಯಾರೂ ಬಳಸತಕ್ಕದ್ದಲ್ಲ."

ಊರು ಆ ಮಾತನ್ನು ಯಾವಾಗಲೋ ಮರೆತಿತ್ತು. ನಾನು ನೆನಪಿಸಿದೆ.

ಹೊಸದಾಗಿ ಬಂದ ಸೊಸೆಯರು ಕೇಳಿದರು: "ನೀಲಾ ಆಯಿ, ಶೇಷ ಅಂದ್ರ ಏನ್ರಿ?"

ತಿಳಿಯದ್ದನ್ನು ಅವರು ಬಿಡುವುದು ಹೇಗೆ? ವಿವರಿಸಿದೆ. ತಿಳಿಯಲಿಲ್ಲ. ಉದಾಹರಣೆ ಕೊಟ್ಟೆ. ಉದಾಹರಣೆಗೆ ಬಾಳವ್ವನ ಹೆಸರನ್ನೇ ಬರೆದೆ!

ಸಂಜೆಯಾಗುವಷ್ಟರಲ್ಲಿ ಬುಟ್ಟಿಯಲ್ಲಿ ಉಳಿದ ರೊಟ್ಟಿ ಶೇಷ, ಜತ್ತದ ಬಸ್ಸು ತಪ್ಪಿಸಿಕೊಂಡವ ಶೇಷ, ಪಂಚಾಯ್ತಿ ಚುನಾವಣೆಯಲ್ಲಿ ಬಿದ್ದವನೂ ಶೇಷ. ಬರೆದದ್ದನ್ನೆಲ್ಲ ಅಳಿಸಿಹಾಕಿದೆ. ಪೂರ್ತಿ ಹೋಯಿತು ಎಂದು ಕಾವೇರಿಗೆ ತೋರಿಸಿದೆ.

"ಆಯಿ, ನಿನ್ನ ಫೋನಿನಾಗ ಅಷ್ಟ ಹೋಗೇತಿ," ಎಂದಳು. "ಎಲ್ಲಾರ ಫೋನಿನಾಗೂ ಐತಿ. ಬಾಳವ್ವಾಯಿಗೆ ಅವರ ಸೊಸಿ ಓದಿ ಹೇಳ್ಯಾಳಂತ."

ಚಪ್ಪಲಿ ಹಾಕಿಕೊಳ್ಳದೆ ಓಣಿ ದಾಟಿದೆ.

ಬಾಳವ್ವ ಪಡಸಾಲೆಯಲ್ಲಿ ಸೇರಿನಿಂದ ಜೋಳ ಅಳೆದು ಚೀಲಕ್ಕೆ ಹಾಕಲು ಕುಳಿತಿದ್ದಳು. ನಮ್ಮಲ್ಲಿ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಅಳೆಯುವಾಗ ಬೇರೆ ಮಾತು ಆಡಬಾರದು. ನನಗೆ ಅದೆಲ್ಲ ಗೊತ್ತು. ನನ್ನ ಬಾಯಿಗೆ ಗೊತ್ತಿಲ್ಲ.

"ಬಾಳಿ, ನಂದು ತಪ್ಪಾತು."

"ಲಾಭ," ಎಂದಳು.

"ಆ ಮಾತು ಹುಟ್ಟಿಸಿದಾಕಿ ನಾನ."

"ಎರಡು."

"ರದ್ದ ಮಾಡಾಕ ಹೋಗಿ ಊರ ತುಂಬ ಮಾಡೀನಿ."

"ಮೂರು."

"ರೇವಪ್ಪಣ್ಣ ಇದ್ದಿದ್ರ ನನ್ನ ಬೈದು, ಆಮ್ಯಾಲ ನಗತಿದ್ದ."

ಸೇರು ಅರ್ಧಕ್ಕೆ ನಿಂತಿತು. ಜೋಳ ಅವಳ ಮಡಿಲಿಗೆ ಸುರಿಯಿತು.

"ಗಾಡ್ಯಾಗ ಹೋಗುವಾಗ ಅವ್ರ ಅಂದ್ರು," ಎಂದಳು, ಜೋಳಕ್ಕೆ ಹೇಳುವಂತೆ. "‘ನಮ್ಮಿಬ್ಬರಾಗ ಶೇಷ ಯಾರು, ನೋಡೂಣು’ ಅಂತ. ನಕ್ಕೋತ ಅಂದ್ರು. ಮಾತಿಗೆ ನಂಗ ಸಿಟ್ಟಿಲ್ಲ ನೀಲಿ. ಅವತ್ತ ಬಾಗಲಾ ಹಾಕ್ಕೊಂಡಿದ್ದು ಖರೆ. ನೀ ಬಂದು ಬಡೀಬೇಕಿತ್ತಿಲ್ಲೇನ?"

ಊರಿಗೆಲ್ಲ ಹೆಸರಿಡುವ ಬುದ್ಧಿವಂತೆಗೆ ನಾಲ್ಕು ವರ್ಷದಲ್ಲಿ ಎದುರಿನ ಬಾಗಿಲು ಬಡಿಯುವುದೊಂದು ಹೊಳೆದಿರಲಿಲ್ಲ. ಅಂಜಿಕೆ ಇತ್ತು, ಮುಖ ಇರಲಿಲ್ಲ, ಹಾಗಲ್ಲ ಹೀಗೆ ಎಂದು ನಾನು ಅಳುತ್ತ ಶುರುಮಾಡಿದೆ. ಅಳುವಿಗಿಂತ ಮಾತೇ ಹೆಚ್ಚಾಯಿತು.

ಬಾಳವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, ಚೀಲದ ಜೋಳವನ್ನು ಮತ್ತೆ ರಾಶಿಗೆ ಸುರಿದು, ಸೇರನ್ನು ನನ್ನ ಕೈಗೆ ತುರುಕಿದಳು.

"ಎಷ್ಟನೇದಿತ್ತೋ, ಎಲ್ಲಾ ಮರಸಿದಿ. ಇನ್ನ ನೀನ ಅಳಿ, ಲಾಭದಿಂದ. ಅದಕ್ಕೂ ಮೊದಲ ಒಂದು ಗದ್ದದ ಲಂಗೋಟಿ ತಂದು ಬಾಯಿ ಮ್ಯಾಲ ಕಟ್ಟಕೋ."