ಎಲ್ಕ್ ಬೇಟೆಗೆ ನಾನು ಕೊಟ್ಟ ನಂಬರು

ಪಾಪ ಮಾಡಬೇಕಾದರೆ ಮನೆಯಿಂದ ಹೊರಗೆ ಹೋಗಲೇಬೇಕು ಅಂತ ನಾನು ಬಹಳ ಕಾಲ ನಂಬಿದ್ದೆ. ನಾನಾದರೋ ದೇವಸ್ಥಾನ, ಗ್ರೋಸರಿ ಬಿಟ್ಟು ಎಲ್ಲಿಗೂ ಹೋದವಳಲ್ಲ. ಇರುವೆ ಸಾಲು ಕಂಡರೂ ದಾಟಿಕೊಂಡು ನಡೆಯುವವಳು. ಅಂಥವಳಿಗೆ ಒಲೆಯ ಮುಂದೆ ನಿಂತಲ್ಲೇ ಪಾಪ ಅಂಟಿತು.

ನಮ್ಮವರು ಇಲ್ಲೇ ಹತ್ತಿರದ ರೆಡ್‌ವುಡ್ ಸಿಟಿಯ ಒಂದು ಸಣ್ಣ ಕಂಪನಿಯಲ್ಲಿದ್ದಾರೆ. ಮೊದಲು ಬ್ಯಾಂಕುಗಳ ಸಾಫ್ಟ್‌ವೇರು ಬರೆಯುತ್ತಿದ್ದರು. ಈಗ ದೂರದ ಬೆಟ್ಟದ ರಾಜ್ಯವೊಂದರ ಬೇಟೆ ಲೈಸೆನ್ಸಿನ ಲಾಟರಿ ನೋಡಿಕೊಳ್ಳುತ್ತಾರೆ. ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣನಂಥ ಪ್ರಾಣಿ. ಅದನ್ನು ಹೊಡೆಯಲು ಅರ್ಜಿ ಹಾಕುವವರು ರಾಶಿ ಜನ, ಲೈಸೆನ್ಸು ಸಿಗುವುದು ಕೆಲವರಿಗೆ. ಅದರಲ್ಲೂ ನಳಿಗೆಯ ಬಾಯಿಂದಲೇ ಮದ್ದು ಸುರಿದು, ಗುಂಡು ಇಳಿಸಿ, ಕೋಲಿನಿಂದ ಜಡಿಯುವ ಹಳೇ ಕಾಲದ ಕೋವಿಯವರಿಗೆ ಬೇರೆಯೇ ಒಂದು ವಾರ. ಒಂದು ಸಲ ಗುರಿ ತಪ್ಪಿದರೆ ಮತ್ತೆ ತುಂಬುವಷ್ಟರಲ್ಲಿ ಎಲ್ಕ್ ಬೆಟ್ಟ ಹತ್ತಿ ಹೋಗಿರುತ್ತದಂತೆ. ಅಷ್ಟಾದರೂ ದಯೆ ಇಟ್ಟಿದ್ದಾನಲ್ಲ ಭಗವಂತ ಅಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಮನೆಯಿಂದಲೇ ಕೆಲಸ ಮಾಡುತ್ತಿದ್ದವರು, "ಇವಳೇ, ಒಂದು ನಂಬರು ಹೇಳೇ" ಅಂದರು. ಕೈ ಒಗ್ಗರಣೆಯಲ್ಲಿತ್ತು, ಬಾಯಲ್ಲಿ ಜಪ ನಡೆದಿತ್ತು. "ನೂರೆಂಟು" ಅಂದುಬಿಟ್ಟೆ.

ನಂಬರು ಯಾಕೆ ಅಂತ ನಾನು ಕೇಳಿದ್ದು ಊಟಕ್ಕೆ ಕೂತಾಗ. "ಲಾಟರಿಗೆ ಅರ್ಜಿ ಹಾಕಿದವರ ಹೆಸರುಗಳನ್ನ ಕಂಪ್ಯೂಟರು ಚೀಟಿ ಥರ ಕಲಸೋಕೆ ಶುರುವಿನ ನಂಬರು ಒಂದು ಬೇಕಿತ್ತು. ಮುಗೀತು, ಲೈಸೆನ್ಸು ಯಾರಿಗೆ ಅಂತ ಬಂತು" ಅಂದರು, ಸಾರಿಗೆ ತುಪ್ಪ ಹಾಕಿಕೊಳ್ಳುತ್ತಾ.

"ಅಯ್ಯೋ, ದೇವರ ನಂಬರು ಕಣ್ರೀ ಅದು!"

"ನೀನು ಏಳು ಅಂದಿದ್ರೂ ಅಷ್ಟೇ ಲೈಸೆನ್ಸು ಹೋಗ್ತಿತ್ತು. ಹೀಗೆ ಲೆಕ್ಕ ಇಟ್ಟು ಕೊಟ್ರೇನೇ ಹಿಂಡು ಉಳಿಯೋದಂತೆ."

"ಸಾಯೋ ಎಲ್ಕ್‌ಗೆ ಹೇಳಿ ಹೋಗಿ ಆ ಲೆಕ್ಕಾನ."

ಅವರು ಮಜ್ಜಿಗೆ ಕೇಳಿದರು.

ಹಳೇ ಕೋವಿಯವರ ಆ ಬೇಟೆಯ ವಾರವೂ ಬಂತು. ಮದ್ದು ನೆನೆದರೆ ಆ ಕೋವಿಯಿಂದ ಗುಂಡು ಹಾರುವುದಿಲ್ಲ ಅಂತ ಅವರ ಬಾಯಿಂದಲೇ ತಿಳಿದುಕೊಂಡಿದ್ದೆ. ಒಪ್ಪೊತ್ತು ಊಟ ಮಾಡಿ, "ಮಳೆ ಸುರಿಸಪ್ಪ, ಎಲ್ಲಾ ಕೋವಿಯೂ ತೊಯ್ದು ಹೋಗಲಿ" ಅಂತ ಬೇಡಿಕೊಂಡೆ. ಮೂರನೇ ದಿನ ಕಾಲವಲ್ಲದ ಕಾಲದಲ್ಲಿ ಮಳೆ ಬಂತು ನೋಡಿ! ನಮ್ಮ ಮನೆಯಿಂದ ಕಾಣುವ ಸರಟೋಗಾದ ಬೆಟ್ಟವೇ ಮರೆಯಾಗುವಂಥ ಮಳೆ. ಕಿಟಕಿ ಹತ್ತಿರ ನಿಂತು ಅತ್ತೇಬಿಟ್ಟೆ.

ಇವರು ಫೋನು ನೋಡಿ ಮೆಲ್ಲಗೆ ಅಂದರು: "ಅಲ್ಲಿ ಮೂರು ದಿನದಿಂದ್ಲೂ ಒಳ್ಳೇ ಬಿಸಿಲು ಕಣೇ. ಹೋದವರಲ್ಲಿ ಬಹಳ ಜನಕ್ಕೆ ಎಲ್ಕ್ ಸಿಕ್ಕಿದೆಯಂತೆ."

ಆವತ್ತು ದೀಪ ಹಚ್ಚಲು ಕೈ ಬರಲಿಲ್ಲ. ಆದರೂ ಹಚ್ಚಿದೆ. ದೇವರ ಮೇಲೆ ಕೋಪ ಮಾಡಿಕೊಳ್ಳೋಣವೆಂದರೆ ಅವನದೇನು ತಪ್ಪು? ಇಷ್ಟು ವರ್ಷ ನಮ್ಮ ಮನೆ, ನಮ್ಮ ಮಕ್ಕಳು, ನಮ್ಮವರ ಬಿಪಿ ಅಂತಲೇ ಬೇಡಿದವಳು ನಾನು. ನನ್ನ ದನಿ ಕೇಳಿದ್ದೇ ತಡ, ಮಳೆಯನ್ನೂ ಸೀದಾ ಇಲ್ಲಿಗೇ ಕಳಿಸಿದ್ದಾನೆ. ಬೇರೆ ವಿಳಾಸ ಯಾವುದನ್ನೂ ನಾನು ಅವನಿಗೆ ಕೊಟ್ಟಿರಲೇ ಇಲ್ಲವಲ್ಲ.